ಟ್ರಂಪೆಟ್ ಬರುತ್ತದೆ, ಫ್ಲೂಗಲ್‌ಹಾರ್ನ್ ಹಿಡಿಯುವುದು ಹೇಗೆ?

ಟ್ರಂಪೆಟ್, ಕಾರ್ನೆಟ್, ಫ್ಲೂಗಲ್‌ಹಾರ್ನ್. ಮೂರೂ ತುಟಿಯಿಟ್ಟು ಊದುವ ಹಿತ್ತಾಳೆ ವಾದ್ಯಗಳು. ಮೂರಕ್ಕೂ ಸಾಮಾನ್ಯವಾಗಿ ಬೆರಳಲ್ಲಿ ಒತ್ತುವ ಮೂರೇ ವಾಲ್ವ್, ಬೆರಳಿಡುವ ಕ್ರಮವೂ ಒಂದೇ. ಬಿ-ಫ್ಲ್ಯಾಟ್ ವಾದ್ಯಗಳಾದರೆ (ಹಾಳೆಯಲ್ಲಿ ಬರೆದ ಸಿ ಊದಿದರೆ ಬಿ-ಫ್ಲ್ಯಾಟ್ ಕೇಳಿಸುವಂಥವು) ಕೊಳವೆಯ ಉದ್ದವೂ ಹೆಚ್ಚುಕಡಿಮೆ ಒಂದೇ, ಒಂದೂವರೆ ಮೀಟರ್ ಹತ್ತಿರ. ಹಾಗಾಗಿ ಒಂದು ಬಂದರೆ ಮೂರೂ ಬಂದ ಹಾಗೆ ಅಂತ ನಾನೂ ನಂಬಿದ್ದೆ. ಬೆರಳಿನ ಮಟ್ಟಿಗೆ ಅದು ನಿಜ. ತುಟಿ, ಉಸಿರು, ಕಿವಿ ಮಾತ್ರ ಹೊಸದಾಗಿ ಕಲಿಯಬೇಕು.

ವ್ಯತ್ಯಾಸ ಇರುವುದು ಕೊಳವೆಯ ಒಳಗೆ. ಟ್ರಂಪೆಟ್‌ನದು ಬಹುಪಾಲು ಒಂದೇ ಅಗಲ. ಕಾರ್ನೆಟ್‌ನದು ಮೆಲ್ಲಗೆ ಅಗಲವಾಗುತ್ತಾ ಹೋಗುತ್ತದೆ, ಫ್ಲೂಗಲ್‌ನದು ಇನ್ನೂ ಜಾಸ್ತಿ. ಅದಕ್ಕೇ ಟ್ರಂಪೆಟ್ ದನಿ ಚೂಪು, ಫ್ಲೂಗಲ್ ದನಿ ದುಂಡಗೆ. ಜಾಝ್ ವಾದಕ ಮೈಲ್ಸ್ ಡೇವಿಸ್ 1957ರಲ್ಲಿ ಒಂದು ಇಡೀ ಆಲ್ಬಮ್ ಫ್ಲೂಗಲ್‌ನಲ್ಲೇ ನುಡಿಸಿದ್ದು ಕೇಳಿ, ಆ ದನಿ ಏನೆಂದು ತಿಳಿಯುತ್ತದೆ.

ಮೊದಲ ಕೆಲಸ ಮೌತ್‌ಪೀಸ್, ಅಂದರೆ ತುಟಿಯಿಟ್ಟು ಊದುವ ತುಂಡು. ಟ್ರಂಪೆಟ್‌ನದನ್ನು ಇದಕ್ಕೆ ತುರುಕಬೇಡಿ. ಟೇಪ್ ಸುತ್ತಿ ಹೊಂದಿಸುವವರನ್ನು ನೋಡಿದ್ದೇನೆ, ದನಿಯೂ ಶ್ರುತಿಯೂ ಎರಡೂ ಹಾಳು. ತುಟಿಗೆ ತಾಗುವ ರಿಮ್ ನಿಮ್ಮ ಟ್ರಂಪೆಟ್‌ನ ಅಳತೆಯದೇ ಇರಲಿ, ಒಳಗಿನ ಕಪ್ ಮಾತ್ರ ಆಳವಾಗಿರಲಿ. ಆಳವಾದ ಕಪ್ಪೇ ಅರ್ಧ ಫ್ಲೂಗಲ್. ಇನ್ನೊಂದು ಮಾತು: ಫ್ಲೂಗಲ್‌ಗಳಲ್ಲೇ ಶ್ಯಾಂಕ್, ಅಂದರೆ ಮೌತ್‌ಪೀಸ್‌ನ ಕೊಳವೆಯೊಳಗೆ ಕೂರುವ ಬಾಲ, ಎರಡು ಮೂರು ಬಗೆ ಇವೆ. ಅಂಗಡಿಗೆ ವಾದ್ಯ ತೆಗೆದುಕೊಂಡೇ ಹೋಗಿ. ಹಾಕಿ ನೋಡಿದಾಗ ಅಲ್ಲಾಡಬಾರದು. ಸಿಕ್ಕಿಕೊಂಡರೆ ಇಕ್ಕಳ ಹಾಕಿ ಎಳೆಯಬೇಡಿ, ಮೌತ್‌ಪೀಸ್ ತೆಗೆಯುವುದಕ್ಕೇ ಸಾಧನವಿದೆ.

ಶ್ರುತಿಗೆ ಫ್ಲೂಗಲ್‌ನಲ್ಲಿ ಮೌತ್‌ಪೀಸ್ ಕೂರುವ ಕೊಳವೆಯನ್ನೇ ಹಿಂದೆ ಮುಂದೆ ಸರಿಸಬೇಕು. ಸ್ಕ್ರೂ ಸಡಿಲಿಸಿ, ಸರಿಸಿ, ಬಿಗಿ ಮಾಡಿ. ಆಮೇಲೆ ತಂಬೂರಿ ಆ್ಯಪ್‌ನಲ್ಲಿ ಎ-ಶಾರ್ಪ್, ಅಂದರೆ ಅದೇ ಬಿ-ಫ್ಲ್ಯಾಟ್, ಇಡಿ. ಹಾರ್ಮೋನಿಯಂ ಲೆಕ್ಕದಲ್ಲಿ ಅದು ಕಪ್ಪು 5. ನಿಮ್ಮ ಬರೆದ ಸಿ ಅಲ್ಲೇ ಕೂರುತ್ತದೆ. ಹತ್ತು ನಿಮಿಷ ಉದ್ದ ಸ್ವರಗಳನ್ನು ಮಾತ್ರ ಊದಿ. ಒಂದು-ಮೂರು ವಾಲ್ವ್ ಒಟ್ಟಿಗೆ ಒತ್ತುವ ಕೆಳಗಿನ ಡಿ ಶ್ರುತಿಗಿಂತ ಏರುತ್ತದೆ, ಮೂರೂ ಒತ್ತುವ ಸಿ-ಶಾರ್ಪ್ ಇನ್ನೂ ಏರುತ್ತದೆ. ಮೂರನೇ ವಾಲ್ವ್‌ನ ಸ್ಲೈಡ್ (ಜಾರುವ ಕೊಳವೆ) ಎಳೆದು ಸರಿಮಾಡಿಕೊಳ್ಳಿ.

ಶೈಲಿಯಲ್ಲೇ ಜಾಸ್ತಿ ಜನ ಎಡವುತ್ತಾರೆ. ಟ್ರಂಪೆಟ್‌ನ ಬಲದಲ್ಲಿ ಊದಿದರೆ ಫ್ಲೂಗಲ್ ಒಡೆದ ದನಿ ಕೊಡುತ್ತದೆ. ಉಸಿರು ಅಗಲವಾಗಿ, ನಿಧಾನವಾಗಿ ಬಿಡಿ. ನಾಲಿಗೆ ‘ತಾ’ ಬಿಟ್ಟು ‘ದಾ’ ಅನ್ನಲಿ. ಮೇಲಿನ ಸ್ವರಗಳಿಗೆ ತುಟಿ ಒತ್ತಿ ಹೋರಾಡಬೇಡಿ. ಆ ಎತ್ತರ ಬೇಕಾದ ಸಾಲಿಗೆ ಟ್ರಂಪೆಟ್ಟೇ ಸರಿ ಅಲ್ವಾ?

ಒಂದೇ ಕಚೇರಿಯಲ್ಲಿ ಎರಡನ್ನೂ ನುಡಿಸುವುದಾದರೆ ಮನೆಯಲ್ಲೂ ಅದೇ ಕ್ರಮದಲ್ಲಿ ಬದಲಿಸಿ ಅಭ್ಯಾಸ ಮಾಡಿ. ವೇದಿಕೆಯಲ್ಲಿ ಪಕ್ಕಕ್ಕಿಟ್ಟ ವಾದ್ಯ ತಣ್ಣಗಾಗಿ ಶ್ರುತಿ ಇಳಿಯುತ್ತದೆ. ನಿಮ್ಮ ಸರದಿ ಬರುವ ಎರಡು ಸಾಲು ಮೊದಲೇ ಎತ್ತಿಕೊಂಡು, ಸದ್ದಿಲ್ಲದೆ ಬಿಸಿಯುಸಿರು ತುಂಬಿ ಕಾಯಿರಿ.