ಬಸ್ಸಾರಿನ ಕಾಳು, ನೋಟ್‌ಬುಕ್ಕಿನ ಲೆಕ್ಕ: ನಾನು ಮೈ ಕಟ್ಟಿಕೊಂಡ ಬಗೆ

ಕೋಲಾರದಿಂದ ಹತ್ತು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ನನ್ನ ಮನೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವುದು ನನ್ನ ಕೆಲಸ. ಪಟ್ಟಣದ ಜಿಮ್‌ಗೆ ಸೇರಿದಾಗ ನನಗೆ 29 ವರ್ಷ, ಎತ್ತರ 172 ಸೆಂಟಿಮೀಟರ್, ತೂಕ 58 ಕಿಲೋ. ಮೊದಲ ಎರಡು ವರ್ಷ ತಪ್ಪದೆ ಹೋದರೂ ಏರಿದ್ದು 2 ಕಿಲೋ ಮಾತ್ರ. ಆಮೇಲಿನ ಮೂರು ವರ್ಷಗಳಲ್ಲಿ 60ರಿಂದ 69 ಕಿಲೋಗೆ ಬಂದೆ, ಸೊಂಟದ ಸುತ್ತಳತೆ ಹೆಚ್ಚಿದ್ದು 3 ಸೆಂಟಿಮೀಟರ್. ಹಾರ್ಮೋನಿನ ಚುಚ್ಚುಮದ್ದಾಗಲಿ, ಅಂಥ ಮಾತ್ರೆಯಾಗಲಿ ಒಂದು ದಿನವೂ ತೆಗೆದುಕೊಂಡಿಲ್ಲ. ಜಿಮ್, ಮನೆ, ಅಡುಗೆ ಎಲ್ಲವೂ ಅವೇ ಆಗಿದ್ದು, ಮೊದಲ ಎರಡು ವರ್ಷಕ್ಕೂ ಆಮೇಲಿನ ಮೂರು ವರ್ಷಕ್ಕೂ ಇಷ್ಟು ಅಂತರ ಏಕೆ ಬಂತು ಎಂಬುದನ್ನು ನನ್ನ ನೋಟ್‌ಬುಕ್ ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಎಲ್ಲರಂತೆ ನಾನೂ ಮುದ್ದೆ ಉಂಡವನಿಗೆ ಬೇರೇನೂ ಬೇಕಿಲ್ಲವೆಂದು ನಂಬಿದ್ದೆ. ಆ ನಂಬಿಕೆಯನ್ನು ಒಂದು ಭಾನುವಾರ ತಕ್ಕಡಿಯ ಮೇಲಿಟ್ಟು ನೋಡಿದೆ. ಅಂದು ಅಮ್ಮ ಹುರುಳಿಕಾಳು, ದಂಟಿನ ಸೊಪ್ಪು ಹಾಕಿ ಬಸ್ಸಾರು ಮಾಡಿದ್ದರು. ಅಡುಗೆಮನೆಗೆಂದು ತಂದಿದ್ದ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ನನ್ನ ಪಾಲಿನ ಮುದ್ದೆಯನ್ನು ಇಟ್ಟೆ. 340 ಗ್ರಾಂ ತೋರಿಸಿತು. ಆದರೆ ಅದರಲ್ಲಿ ಹಿಟ್ಟಿನ ಭಾಗ ಸುಮಾರು 110 ಗ್ರಾಂ, ಉಳಿದದ್ದು ನೀರು. 100 ಗ್ರಾಂ ರಾಗಿಯಲ್ಲಿ ಇರುವ ಪ್ರೋಟೀನ್ ಸುಮಾರು 7 ಗ್ರಾಂ. ಅಂದರೆ ಕೈತುಂಬುವ ಆ ಮುದ್ದೆಯಿಂದ ನನಗೆ ಸಿಗುತ್ತಿದ್ದದ್ದು 8 ಗ್ರಾಂಗಿಂತ ಕಡಿಮೆ. ರಾಗಿಯ ಹಿರಿಮೆ ಸುಣ್ಣದಂಶದಲ್ಲಿ, ನಾರಿನಲ್ಲಿ, ದುಡಿಯುವುದಕ್ಕೆ ಬೇಕಾದ ಶಕ್ತಿಯಲ್ಲಿ ಇದೆ. ಸ್ನಾಯು ಕಟ್ಟುವ ಪ್ರೋಟೀನನ್ನು ಅದೊಂದರಿಂದಲೇ ನಿರೀಕ್ಷಿಸುವುದು ನ್ಯಾಯವಲ್ಲ.

ಮುದ್ದೆಗಿಂತ ದೊಡ್ಡ ಪಾಠ ಸಿಕ್ಕಿದ್ದು ಬಸ್ಸಾರಿನಿಂದ. ನಾಲ್ಕು ಜನರಿಗೆಂದು ಅಮ್ಮ ಹಾಕಿದ್ದ ಒಣ ಹುರುಳಿಕಾಳು 200 ಗ್ರಾಂ. ಹುರುಳಿಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇರುವುದರಿಂದ ಆ ಪಾತ್ರೆಯಲ್ಲಿದ್ದದ್ದು 44 ಗ್ರಾಂ. ಆದರೆ ಬಸ್ಸಾರು ಎಂದರೆ ಬೇಯಿಸಿ ಬಸಿದ ಕಟ್ಟಿನ ಸಾರು. ಸ್ವಲ್ಪ ಕಾಳು ಖಾರದ ಜೊತೆ ರುಬ್ಬುವುದಕ್ಕೆ ಹೋಗುತ್ತದೆ, ಮಿಕ್ಕ ಕಾಳೆಲ್ಲ ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ನಾನು ಚಿಕ್ಕಂದಿನಿಂದ ಮುದ್ದೆಯ ಮೇಲೆ ಮೂರು ಸೌಟು ಸಾರು ಸುರಿದುಕೊಂಡು, ಪಲ್ಯವನ್ನು ನೆಂಚಿಕೊಳ್ಳುವಷ್ಟೇ ಬಡಿಸಿಕೊಂಡು ಏಳುತ್ತಿದ್ದವನು. ರುಚಿ ನನ್ನ ತಟ್ಟೆಗೆ ಬರುತ್ತಿತ್ತು, ಕಾಳು ಬಾಣಲೆಯಲ್ಲೇ ಉಳಿಯುತ್ತಿತ್ತು. ಅಂದು ಇಡೀ ದಿನದ ಊಟವನ್ನು ಲೆಕ್ಕ ಹಾಕಿದಾಗ ಬಂದದ್ದು 48 ಗ್ರಾಂ ಪ್ರೋಟೀನ್, ಅಂದರೆ ನನ್ನ ತೂಕದ ಪ್ರತಿ ಕಿಲೋಗೆ 0.8 ಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ವಯಸ್ಕರಿಗೆ ಹೇಳಿರುವ ಪ್ರಮಾಣ ಕಿಲೋಗೆ 0.83 ಗ್ರಾಂ. ಅದು ಆರೋಗ್ಯವಂತನೊಬ್ಬ ಇದ್ದಂತೆ ಇರುವುದಕ್ಕೆ ಸಾಕಾಗುವ ಅಳತೆ. ಭಾರ ಎತ್ತಿ ಹೊಸ ಸ್ನಾಯು ಬೆಳೆಸಬೇಕೆನ್ನುವವನಿಗೆ ಕಿಲೋಗೆ 1.6 ಗ್ರಾಂ ಆಸುಪಾಸು ಬೇಕು, ಕೆಲವರಿಗೆ 2.2ರವರೆಗೂ ಪ್ರಯೋಜನ ಸಿಗಬಹುದು ಎಂಬುದು ಸಂಶೋಧನೆಗಳ ಒಟ್ಟಾರೆ ಅಭಿಪ್ರಾಯ. ಎರಡು ವರ್ಷ ನಾನು ಅದರ ಅರ್ಧದಲ್ಲಿ ನಡೆದಿದ್ದೆ.

ಹೀಗಾಗಿ ಅಡುಗೆಯನ್ನು ಬದಲಾಯಿಸಲಿಲ್ಲ, ಪಾಲನ್ನು ಬದಲಾಯಿಸಿಕೊಂಡೆ. ಎರಡು ಹೊತ್ತಿನ ಮುದ್ದೆ ಹಾಗೆಯೇ ಉಳಿಯಿತು. ಕಾಳು ಮಾತ್ರ ದಿನಕ್ಕೆ ಒಣತೂಕದಲ್ಲಿ 100 ಗ್ರಾಂ ನನ್ನ ತಟ್ಟೆಗೆ ಬರಲೇಬೇಕೆಂದು ಗೊತ್ತುಮಾಡಿದೆ: ಹುರುಳಿ, ಅಲಸಂದೆ, ಹೆಸರುಕಾಳು, ಕಡಲೆಕಾಳು, ಯಾವುದಾದರೂ ಸರಿ; ಅದರಿಂದ 22 ಗ್ರಾಂ. ಬೆಳಗ್ಗೆ ನಾಲ್ಕು ಮೊಟ್ಟೆ, 24 ಗ್ರಾಂ. ಮನೆಯಲ್ಲಿ ಎರಡು ಹಸುಗಳಿವೆ. ಡೈರಿಗೆ ಹಾಕುವ ಹಾಲಿನಲ್ಲಿ ಅರ್ಧ ಲೀಟರನ್ನು ನನಗೆಂದು ಉಳಿಸಿಕೊಂಡೆ, ಅದು 16 ಗ್ರಾಂ. ಸಂಜೆ 40 ಗ್ರಾಂ ಸೋಯಾ ಚಂಕ್ಸ್ ಬೇಯಿಸಿ, ನೀರು ಹಿಂಡಿ, ಈರುಳ್ಳಿ ಒಗ್ಗರಣೆಯಲ್ಲಿ ಹುರಿದರೆ 20 ಗ್ರಾಂ. ರಾಗಿ, ಅನ್ನ, ತಿಂಡಿ ಇವುಗಳಿಂದ ಬರುವ ಇಪ್ಪತ್ತು ಚಿಲ್ಲರೆ ಗ್ರಾಂ ಸೇರಿದರೆ ದಿನದ ಮೊತ್ತ 100 ದಾಟುತ್ತದೆ. ಕಾಳಿನ ಪ್ರಮಾಣವನ್ನು ಒಮ್ಮೆಲೇ ಏರಿಸಿದ್ದರಿಂದ ಮೊದಲ ಎರಡು ವಾರ ಹೊಟ್ಟೆಯುಬ್ಬರ ಕಾಡಿತು. ರಾತ್ರಿಯೆಲ್ಲ ನೆನೆಸಿ, ಆ ನೀರು ಚೆಲ್ಲಿ, ಮೊಳಕೆ ಬರಿಸಿ ಬೇಯಿಸಿದ ಮೇಲೆ ಅದು ಕಡಿಮೆಯಾಯಿತು. ಈಗ ಆರಂಭಿಸುವವರು 40 ಗ್ರಾಂನಿಂದ ಶುರುಮಾಡಿ ವಾರವಾರ ಏರಿಸುವುದು ಒಳ್ಳೆಯದು.

ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಮೊಟ್ಟೆಯೂ ಬೇಯುವುದಿಲ್ಲ. ಮೊದಲ ವರ್ಷ ಆ ತಿಂಗಳನ್ನು ಹಾಗೇ ಬಿಟ್ಟುಬಿಟ್ಟೆ. ಎರಡನೆಯ ವರ್ಷದಿಂದ ಸೋಯಾವನ್ನು 60 ಗ್ರಾಂಗೆ, ಹಾಲನ್ನು ಮುಕ್ಕಾಲು ಲೀಟರಿಗೆ ಏರಿಸಿ, ಸಂಜೆಗೆ ಹುರಿದ ಕಡಲೆಬೀಜ 30 ಗ್ರಾಂ ಸೇರಿಸಿ ನೂರರ ಹತ್ತಿರವೇ ಉಳಿದೆ. ಮಹಾಲಯ ಅಮಾವಾಸ್ಯೆಯ ಎಡೆಯ ಊಟದ ಹೊತ್ತಿಗೆ ಜಿಮ್‌ನಲ್ಲಿ ಎತ್ತುವ ಭಾರ ಒಂದು ಕಿಲೋ ಕೂಡ ಇಳಿದಿರಲಿಲ್ಲ. ಮಾಂಸ ತಿನ್ನದವರಿಗೆ ಸ್ನಾಯು ಬೆಳೆಯದೆಂಬ ಮಾತನ್ನು ನಾನು ಒಪ್ಪದಿರುವುದು ಈ ಅನುಭವದಿಂದಲೇ.

ಪ್ರೋಟೀನಿನ ಲೆಕ್ಕ ಸರಿಹೋದ ಉತ್ಸಾಹದಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಬೇಕು. ತಿಂದಷ್ಟೂ ಬೆಳೆಯುತ್ತೇನೆಂದುಕೊಂಡು ಅನ್ನಕ್ಕೆ ತುಪ್ಪ, ಹಾಲಿಗೆ ಬಾಳೆಹಣ್ಣು, ರಾತ್ರಿ ಮೂರನೆಯ ಮುದ್ದೆ, ಜೊತೆಗೆ ಶ್ರೀನಿವಾಸಪುರದ ಮಾವಿನ ಕಾಲ ಬೇರೆ. ನಾಲ್ಕು ತಿಂಗಳಲ್ಲಿ 60ರಿಂದ 66 ಕಿಲೋ ಆದೆ. ಅಜ್ಜಿ ‘ಈಗ ಕಳೆ ಬಂತು ನೋಡಪ್ಪ’ ಎಂದರು. ಟೇಪು ಮಾತ್ರ ಬೇರೆಯದನ್ನೇ ಹೇಳಿತು. ಸೊಂಟ 78ರಿಂದ 86 ಸೆಂಟಿಮೀಟರ್ ಆಗಿತ್ತು, ತೋಳು ಹೆಚ್ಚಿದ್ದು 1 ಸೆಂಟಿಮೀಟರ್. ಸಹಜವಾಗಿ ಬೆಳೆಯುವ ದೇಹವು ತಿಂಗಳಿಗೆ ಇಷ್ಟೇ ಸ್ನಾಯು ಕಟ್ಟಬಲ್ಲದು. ಅದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಕೊಟ್ಟರೆ ಉಳಿದದ್ದು ಕೊಬ್ಬಾಗಿ ಕೂಡುತ್ತದೆ. ಹತ್ತು ವಾರ ದಿನಕ್ಕೆ ಸುಮಾರು 400 ಕ್ಯಾಲೊರಿ ಕಡಿಮೆ ಉಂಡು, ಪ್ರೋಟೀನನ್ನು ಕಿಲೋಗೆ 2 ಗ್ರಾಂ ಹತ್ತಿರ ಇಟ್ಟು, ಎತ್ತುವ ಭಾರವನ್ನು ಬಿಡದೆ ಕಾಪಾಡಿಕೊಂಡು 62.5 ಕಿಲೋಗೆ ಇಳಿದೆ. ನಾಲ್ಕು ತಿಂಗಳು ಮತ್ತು ಹತ್ತು ವಾರ ಸೇರಿ ಅರ್ಧ ವರ್ಷ ಹೋಯಿತು.

ಆಮೇಲೆ ಹಿಡಿದ ದಾರಿ ನಿಧಾನದ್ದು. ಎರಡು ವಾರ ಪ್ರತಿದಿನ ಬೆಳಗ್ಗೆ ಹಾಲು ಕರೆಯುವುದಕ್ಕೆ ಮುಂಚೆ, ಬರಿಹೊಟ್ಟೆಯಲ್ಲಿ ತೂಕ ನೋಡಿ ಬರೆದೆ, ಉಂಡದ್ದನ್ನೂ ಬರೆದೆ. ತೂಕ ಏರದೆ ಇಳಿಯದೆ ನಿಂತದ್ದು ದಿನಕ್ಕೆ ಸುಮಾರು 2,300 ಕ್ಯಾಲೊರಿಯಲ್ಲಿ. ಅದಕ್ಕೆ 250 ಸೇರಿಸಿದೆ, ಅಷ್ಟೇ. 250 ಕ್ಯಾಲೊರಿ ಎಂದರೆ ಒಂದು ಲೋಟ ಹಾಲು ಮತ್ತು ಒಂದು ಹಿಡಿಯಷ್ಟು ಕಡಲೆಬೀಜ. ಒಂದು ದಿನದ ತೂಕಕ್ಕೆ ನಾನು ಬೆಲೆ ಕೊಡುವುದಿಲ್ಲ, ಏಕೆಂದರೆ ಹಿಂದಿನ ರಾತ್ರಿ ಉಪ್ಪೆಸರು ಉಂಡಿದ್ದರೆ ಮಾರನೆಯ ದಿನ ನೀರು ನಿಂತು ಅರ್ಧ ಕಿಲೋ ಹೆಚ್ಚು ತೋರಿಸುತ್ತದೆ. ಏಳು ದಿನದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಯ ಜೊತೆ ಹೋಲಿಸುತ್ತೇನೆ. ತಿಂಗಳಲ್ಲಿ 250ರಿಂದ 500 ಗ್ರಾಂ ಏರಿದರೆ ಸರಿ. ಎರಡು ತಿಂಗಳು ಏರದಿದ್ದರೆ ಇನ್ನೊಂದು ನೂರು ಕ್ಯಾಲೊರಿ. ಸೊಂಟ ತೂಕಕ್ಕಿಂತ ಮುಂದೆ ಓಡಿದರೆ ಆ ನೂರನ್ನು ಹಿಂದಕ್ಕೆ ತೆಗೆಯುವುದು.

ಇನ್ನು ವ್ಯಾಯಾಮ. ಸೋಮವಾರ ಎದೆ, ಮಂಗಳವಾರ ಬೆನ್ನು ಎಂಬ ಐದು ದಿನದ ಪಟ್ಟಿಯನ್ನು ಜಿಮ್‌ನಲ್ಲಿ ಎಲ್ಲರೂ ಮಾಡುತ್ತಿದ್ದರು, ನಾನೂ ಮಾಡುತ್ತಿದ್ದೆ. ಬೆಂಚ್ ಪ್ರೆಸ್‌ನಲ್ಲಿ, ಅಂದರೆ ಬೆಂಚಿನ ಮೇಲೆ ಅಂಗಾತ ಮಲಗಿ ಬಾರನ್ನು (ಭಾರ ಹಾಕುವ ಕಬ್ಬಿಣದ ಸರಳು) ಎದೆಯಿಂದ ಮೇಲೆತ್ತುವುದರಲ್ಲಿ, 40 ಕಿಲೋ ಹಾಕಿ ಹತ್ತು ರೆಪ್ (ಒಂದು ಸಲ ಇಳಿಸಿ ಎತ್ತಿದರೆ ಒಂದು ರೆಪ್), ಮೂರು ಸೆಟ್ (ನಡುವೆ ದಣಿವಾರಿಸಿಕೊಂಡು ಮೂರು ಸುತ್ತು), ತಿಂಗಳುಗಟ್ಟಲೆ ಅದೇ. ಒಂದು ಸಂಜೆ ಟ್ರೈನರ್ ನನ್ನ ತಲೆಯ ಹಿಂದೆ ನಿಂತು, ಬಾರಿನ ಕೆಳಗೆ ಕೈ ಹಿಡಿದು, ಇವತ್ತು ಎಣಿಸಬೇಡಿ, ಆಗದವರೆಗೂ ಮಾಡಿ ಎಂದರು. ಹತ್ತು ಮುಗಿಯಿತು. ‘ಇನ್ನೊಂದು ಮೇಷ್ಟ್ರೇ’ ಎನ್ನುತ್ತಲೇ ಹೋದರು. ಹದಿನಾಲ್ಕರ ಹೊತ್ತಿಗೆ ಬಾರ್ ನಿಧಾನವಾಯಿತು, ಹದಿನಾರರಲ್ಲಿ ಮೊಣಕೈ ನಡುಗಿತು, ಹದಿನೇಳನೆಯದು ಅರ್ಧದಲ್ಲಿ ನಿಂತು ನಿಂತು ಮೇಲೆ ಬಂತು. ಏಳು ರೆಪ್ ಬಾಕಿ ಇರುವಾಗಲೇ ನಾನು ಪ್ರತಿ ಸಲ ಬಾರ್ ಇಳಿಸುತ್ತಿದ್ದೆ ಎಂಬುದು ಆಗ ತಿಳಿಯಿತು. ಸ್ನಾಯುವಿಗೆ ಬೆಳೆಯಬೇಕಾದ ಅಗತ್ಯವನ್ನೇ ನಾನು ಒಡ್ಡಿರಲಿಲ್ಲ. ಐದು ರೆಪ್ಪಿನ ಭಾರವಾಗಲಿ, ಇಪ್ಪತ್ತರ ಭಾರವಾಗಲಿ, ಸೆಟ್ಟಿನ ಕೊನೆಯಲ್ಲಿ ಇನ್ನೊಂದೆರಡಷ್ಟೇ ಆಗುವ ಸ್ಥಿತಿಗೆ ಬಂದಿರಬೇಕು. ಬೆಳವಣಿಗೆಗೆ ಕಾರಣವಾಗುವುದು ಆ ಕೊನೆಯ ಕಷ್ಟದ ರೆಪ್‌ಗಳು.

ಅಂದಿನಿಂದ ವಾರಕ್ಕೆ ನಾಲ್ಕು ದಿನಕ್ಕೆ ಇಳಿಸಿದೆ: ಎರಡು ದಿನ ಸೊಂಟದ ಮೇಲ್ಭಾಗ, ಎರಡು ದಿನ ಕೆಳಭಾಗ. ಹೀಗೆ ಪ್ರತಿ ಸ್ನಾಯುವಿಗೂ ವಾರದಲ್ಲಿ ಎರಡು ಸಲ ಕೆಲಸ ಸಿಗುತ್ತದೆ, ಒಟ್ಟು ಹತ್ತರಿಂದ ಹದಿನಾಲ್ಕು ಸೆಟ್. ಸ್ಕ್ವಾಟ್ (ಹೆಗಲ ಮೇಲೆ ಬಾರ್ ಹೊತ್ತು ಕುಳಿತೇಳುವುದು), ರೊಮೇನಿಯನ್ ಡೆಡ್‌ಲಿಫ್ಟ್ (ಬಾರ್ ಹಿಡಿದು ಸೊಂಟದಿಂದ ಬಾಗಿ ಏಳುವುದು), ಬೆಂಚ್ ಪ್ರೆಸ್, ರೋ (ಭಾರವನ್ನು ಹೊಟ್ಟೆಯ ಕಡೆಗೆ ಎಳೆಯುವುದು), ಪುಲ್‌ಅಪ್ (ಸರಳಿಗೆ ಜೋತು ಮೈಯನ್ನು ಮೇಲೆಳೆಯುವುದು), ಓವರ್‌ಹೆಡ್ ಪ್ರೆಸ್ (ನಿಂತು ಬಾರನ್ನು ತಲೆಯ ಮೇಲಕ್ಕೆ ಎತ್ತುವುದು) ಇವೇ ಮುಖ್ಯ. ತೋಳಿಗೆ, ಮೀನಖಂಡಕ್ಕೆ ಕೊನೆಯಲ್ಲಿ ಒಂದೊಂದು. ಈ ಆರನ್ನು ಮೂರು ವರ್ಷದಿಂದ ಬದಲಿಸಿಲ್ಲ, ಏಕೆಂದರೆ ಪ್ರತಿ ತಿಂಗಳು ವ್ಯಾಯಾಮ ಬದಲಿಸಿದರೆ ಬಲ ಹೆಚ್ಚಿತೋ ಇಲ್ಲವೋ ಎಂದು ಹೋಲಿಸುವುದಕ್ಕೆ ಏನೂ ಉಳಿಯುವುದಿಲ್ಲ. ಕ್ರಮ ಸರಳ. ಬೆಂಚ್‌ನಲ್ಲಿ 50 ಕಿಲೋಗೆ ಆರು ರೆಪ್ ಆದರೆ ಅದೇ ಭಾರದಲ್ಲಿ ಮುಂದುವರಿದು, ಎಲ್ಲ ಸೆಟ್‌ಗಳಲ್ಲೂ ಹತ್ತು ಬಂದ ದಿನ ಬರೆದಿಟ್ಟು, ಮುಂದಿನ ಸಲ ಭಾರ ಏರಿಸುವುದು.

ಭಾರ ಏರಿಸುವುದರಲ್ಲೂ ಒಂದು ತೊಡಕಿತ್ತು. ನಮ್ಮ ಜಿಮ್‌ನಲ್ಲಿದ್ದ ಅತಿ ಚಿಕ್ಕ ಪ್ಲೇಟ್ 2.5 ಕಿಲೋದ್ದು, ಎರಡೂ ಕಡೆ ಹಾಕಿದರೆ ಒಮ್ಮೆಲೇ 5 ಕಿಲೋ ಏರುತ್ತದೆ. ಸ್ಕ್ವಾಟ್‌ಗೆ ಅದು ಪರವಾಗಿಲ್ಲ. 35 ಕಿಲೋದ ಓವರ್‌ಹೆಡ್ ಪ್ರೆಸ್‌ಗೆ 5 ಕಿಲೋ ಎಂದರೆ ಏಳರಲ್ಲಿ ಒಂದು ಪಾಲು. ನಾನು ಐದು ತಿಂಗಳು ಅಲ್ಲೇ ಸಿಕ್ಕಿಕೊಂಡಿದ್ದೆ. ಕೊನೆಗೆ ಪಟ್ಟಣದ ವೆಲ್ಡಿಂಗ್ ಅಂಗಡಿಯೊಂದರಲ್ಲಿ ದಪ್ಪ ಕಬ್ಬಿಣದ ತಗಡನ್ನು ದುಂಡಗೆ ಕತ್ತರಿಸಿ, ನಡುವೆ ತೂತು ಮಾಡಿಸಿ, ಅರ್ಧ ಅರ್ಧ ಕಿಲೋದ ಕೆಲವು ಜೊತೆ ಬಿಲ್ಲೆ ಮಾಡಿಸಿಕೊಂಡೆ. ಒಂದು ಬಿಲ್ಲೆ 520 ಗ್ರಾಂ, ಇನ್ನೊಂದು 490 ಗ್ರಾಂ ಬಂತು. ಅರದಿಂದ ಉಜ್ಜಿ ಸರಿಮಾಡಿದೆವು. ಚೀಲದಲ್ಲಿ ಅವನ್ನಿಟ್ಟುಕೊಂಡು ಹೋಗಿ ಒಂದೊಂದೇ ಕಿಲೋ ಏರಿಸಿದ್ದರಿಂದ ಪ್ರೆಸ್ 35ರಿಂದ 47 ಕಿಲೋಗೆ ಬಂದಿದೆ. ಇದೇ ಅವಧಿಯಲ್ಲಿ ಬೆಂಚ್ 77 ಕಿಲೋಗೆ ಆರು ರೆಪ್, ಸ್ಕ್ವಾಟ್ 105ಕ್ಕೆ ಐದು, ಪುಲ್‌ಅಪ್ ಎರಡರಿಂದ ಹನ್ನೆರಡು ಆಗಿವೆ.

ಜಿಮ್‌ನಲ್ಲಿ ಒಬ್ಬರು ಚುಚ್ಚುಮದ್ದಿನ ಮಾತೆತ್ತಿದ್ದರು: ಮೂರು ವರ್ಷದ ಮೈ ಮೂರು ತಿಂಗಳಲ್ಲಿ ಬರುತ್ತದೆಂದು. ಆ ಚುಚ್ಚುಮದ್ದಿನಲ್ಲಿರುವ ಟೆಸ್ಟೋಸ್ಟೆರೋನ್ ಎಂಬ ಗಂಡು ಹಾರ್ಮೋನನ್ನು ಹೊರಗಿನಿಂದ ಹಾಕಿದರೆ ದೇಹ ತನ್ನದನ್ನು ತಯಾರಿಸುವುದು ನಿಲ್ಲಿಸುತ್ತದೆ, ವೃಷಣ ಕುಗ್ಗುತ್ತದೆ, ವೀರ್ಯಾಣು ಕಡಿಮೆಯಾಗುತ್ತದೆ, ರಕ್ತದ ಕೊಬ್ಬು ಕೆಟ್ಟು ಹೃದಯಕ್ಕೆ ಹೊರೆಯಾಗುತ್ತದೆ. ನನ್ನ ಪಾಠ ಕೇಳಿದ ಹುಡುಗರೇ ಆ ದಾರಿ ಹಿಡಿಯುವುದನ್ನು ಕಂಡು ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಔಷಧಿಯ ಬಲದಲ್ಲಿರುವವರ ವ್ಯಾಯಾಮದ ಪಟ್ಟಿಯನ್ನು ಸಹಜವಾಗಿ ಎತ್ತುವವನು ನಕಲು ಮಾಡಿದರೆ ಸುಧಾರಿಸಿಕೊಳ್ಳಲಾಗದೆ ಸೋಲುತ್ತಾನೆಂಬುದೂ ಅಷ್ಟೇ ನಿಜ.

ನಾನು ತೆಗೆದುಕೊಳ್ಳುವ ಪೂರಕ ಒಂದೇ, ಕ್ರಿಯಾಟಿನ್ ಮೊನೊಹೈಡ್ರೇಟ್, ದಿನಕ್ಕೆ 3 ಗ್ರಾಂ. ಇದು ಮಾಂಸದಲ್ಲಿ ಸಹಜವಾಗಿಯೇ ಇರುವ ವಸ್ತು. ಆರಂಭದಲ್ಲಿ ಸ್ನಾಯುವಿನೊಳಗೆ ನೀರು ಸೇರಿ ಸುಮಾರು 1 ಕಿಲೋ ಏರಿದೆ, ಅದನ್ನು ಬೆಳವಣಿಗೆಯೆಂದು ಎಣಿಸಲಿಲ್ಲ. ಇದನ್ನು ತೆಗೆದುಕೊಳ್ಳುವವರ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಯಲು ನೋಡುವ ಅಂಶ) ಸ್ವಲ್ಪ ಹೆಚ್ಚು ಕಾಣಬಹುದಾದ್ದರಿಂದ ವೈದ್ಯರಿಗೆ ಮೊದಲೇ ಹೇಳಬೇಕು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಕ್ರಿಯಾಟಿನನ್ನೂ, ಹೆಚ್ಚು ಪ್ರೋಟೀನನ್ನೂ ಆರಂಭಿಸಬಾರದು.

ನಿದ್ದೆಯ ವಿಷಯದಲ್ಲಿ ನಾನು ಇನ್ನೂ ಪೂರ್ತಿ ಗೆದ್ದಿಲ್ಲ. ಹಸು ಕರೆಯುವುದು ಬೆಳಗ್ಗೆ ಐದೂವರೆಗೆ, ಅದು ಬದಲಾಗದು. ಆದ್ದರಿಂದ ಹತ್ತು ಗಂಟೆಗೆ ಫೋನನ್ನು ನಡುಮನೆಯಲ್ಲಿಟ್ಟು ಮಲಗುವ ರೂಢಿ ಮಾಡಿಕೊಂಡೆ. ಐದೂವರೆ ತಾಸು ಮಲಗುತ್ತಿದ್ದವನು ಏಳು ತಾಸು ಮಲಗತೊಡಗಿದ ತಿಂಗಳಲ್ಲೇ, ಊಟದಲ್ಲಿ ಏನನ್ನೂ ಬದಲಿಸದೆ, ನಿಂತುಹೋಗಿದ್ದ ಸ್ಕ್ವಾಟ್ ಮತ್ತೆ ಏರಿತು. ಈಗ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಕೆಲಸ ನಡೆದಿದೆ. ನಿದ್ದೆ ಆರು ತಾಸಿಗೆ ಇಳಿದು, ಬೆಂಚ್ ಏಳು ವಾರದಿಂದ 77ರಲ್ಲೇ ನಿಂತಿದೆ. ಆದ್ದರಿಂದ ನಾಲ್ಕು ದಿನವನ್ನು ಮೂರಕ್ಕೆ ಇಳಿಸಿ, ಪ್ರತಿ ವ್ಯಾಯಾಮದಲ್ಲೂ ಒಂದೊಂದು ಸೆಟ್ ಕಡಿಮೆ ಮಾಡಿ, ಭಾರವನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದೇನೆ. ಮೌಲ್ಯಮಾಪನ ಮುಗಿದ ಸೋಮವಾರ ಎದೆಯ ಸೆಟ್‌ಗಳನ್ನು ಹತ್ತಕ್ಕೆ ಮರಳಿಸುವುದೆಂದು ಈ ತಿಂಗಳ ಹಾಳೆಯ ಕೊನೆಯ ಸಾಲಿನಲ್ಲಿ ಬರೆದಿಟ್ಟಿದ್ದೇನೆ.