ಲಕ್ವ ಹೊಡೆದ ಕೈ ಮಡಚಿಕೊಳ್ತಿದೆಯಾ? ಅದನ್ನು ಬಲ ಅಂದುಕೊಳ್ಳಬೇಡಿ

ಅವ್ವನಿಗೆ ಲಕ್ವ ಹೊಡೆದು, ಆಸ್ಪತ್ರೆಯಿಂದ ಗಂಗಾವತಿಯ ಮನೆಗೆ ಕರೆತಂದಾಗ ಎಡಗೈ ಪೂರ್ತಿ ಜೋತು ಬಿದ್ದಿತ್ತು. ಮೂರನೇ ವಾರ ಬೆರಳು ತಾವಾಗೇ ಮಡಚಿಕೊಂಡವು. "ಬಲ ಬರಾಕತ್ತೈತಿ" ಅಂತ ಮನೆಮಂದಿಯೆಲ್ಲ ಖುಷಿಪಟ್ಟು, ಹಿಚುಕಲಿ ಅಂತ ರಬ್ಬರ್ ಚೆಂಡು ಕೊಟ್ಟೆವು. ಅದು ಬಲ ಆಗಿರಲಿಲ್ಲ, ಬಿಗಿತ. ಸ್ನಾಯುವನ್ನು ಹಿಡಿತದಲ್ಲಿಡುವ ಮೆದುಳಿನ ದಾರಿಗೆ ಪೆಟ್ಟಾದಾಗ ಸ್ನಾಯು ಸಡಿಲಾಗದೆ ಎಳೆದುಕೊಂಡೇ ಇರುತ್ತದೆ. ಚೆಂಡು ಬಿಡಿಸಿದ್ದು ಫಿಸಿಯೋಥೆರಪಿಯವರು.

ಲಕ್ವ ಆದ ನಾಲ್ವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಈ ಬಿಗಿತ ಬರುತ್ತದೆ. ಯಾರಿಗೆ ಜಾಸ್ತಿ? ಶುರುವಿನಲ್ಲೇ ಕೈಕಾಲಿನ ಬಲ ತೀರಾ ಹೋದವರಿಗೆ. ಇದೇ ದೊಡ್ಡ ಸುಳಿವು. ಆ ಬದಿ ಮುಟ್ಟಿದ್ದೇ ಗೊತ್ತಾಗದಿದ್ದರೆ, ಮೆದುಳಿನಲ್ಲಿ ರಕ್ತಸ್ರಾವ ಆಗಿ ಲಕ್ವ ಬಂದಿದ್ದರೆ ಇನ್ನೂ ಎಚ್ಚರ ಬೇಕು. ಚಿಕ್ಕ ವಯಸ್ಸು, ಏನಾಗಲ್ಲ ಬಿಡು ಅನ್ನಬೇಡಿ, ವಯಸ್ಸು ಕಡಿಮೆ ಇದ್ದವರಲ್ಲೇ ಇದು ಜಾಸ್ತಿ ಕಂಡಿದೆ.

ಹೀಗೆ ನೋಡಿ. ಅವರು ಆರಾಮಾಗಿ ಮಲಗಿದ್ದಾಗ ಮೊಣಕೈಯನ್ನು ಮೊದಲು ನಿಧಾನಕ್ಕೆ ಚಾಚಿ, ಆಮೇಲೆ ಸ್ವಲ್ಪ ಬೇಗ ಚಾಚಿ. ನಿಧಾನಕ್ಕೆ ಸಲೀಸಾಗಿ ಬಂದ ಕೈ ಬೇಗ ಚಾಚಿದಾಗ ನಡುವೆ ತಡೆದರೆ ಬಿಗಿತ ಶುರುವಾಗಿದೆ. ಮಣಿಕಟ್ಟು, ಪಾದದ ಕೀಲನ್ನೂ ಹಾಗೇ ನೋಡಿ. ಜಗ್ಗಬೇಡಿ. ಆ ಕೈ ಹಿಡಿದು ಎಬ್ಬಿಸಲೂ ಬೇಡಿ, ಭುಜದ ಕೀಲು ಜಾರಬಹುದು. ಹೆಚ್ಚಿನವರಲ್ಲಿ ಮೊದಲ 6 ವಾರದಲ್ಲೇ ಸುಳಿವು ಸಿಗುತ್ತದೆ, ಕೆಲವರಲ್ಲಿ 3 ತಿಂಗಳ ಮೇಲೂ ಬರಬಹುದು.

ನಿನ್ನೆ ಸರಿಯಿದ್ದ ಕೈ ಇವತ್ತು ಏಕಾಏಕಿ ಸೆಟೆದರೆ ಕೈಯನ್ನಷ್ಟೇ ನೋಡಬೇಡಿ. ನಮ್ಮ ಕಡೆಯ ಬೇಸಿಗೆ ಗೊತ್ತಲ್ವಾ, ಅದರಲ್ಲೂ ಅವ್ವ ಪದೇಪದೇ ಎಬ್ಬಿಸಬೇಕಾಗುತ್ತದೆ ಅನ್ನೋ ಸಂಕೋಚಕ್ಕೆ ನೀರೇ ಕುಡಿಯುತ್ತಿರಲಿಲ್ಲ, ಉರಿಮೂತ್ರ ಆಯಿತು, ಮಲ ಕಟ್ಟಿತು, ಎರಡೇ ದಿನದಲ್ಲಿ ಮುಷ್ಟಿ ಬಿಚ್ಚಲಿಕ್ಕೇ ಬರದಂತಾಯಿತು. ಮೂತ್ರದ ಸೋಂಕು ವಾಸಿಯಾದ ಮೇಲೆ ಕೈಯೂ ಸಡಿಲಾಯಿತು. ಬೆನ್ನಿನ ಹುಣ್ಣು, ಒಳಗೆ ಬೆಳೆದ ಉಗುರು, ಬಿಗಿ ಬಳೆ, ಎಲ್ಲಾ ಹುಡುಕಿ. ಕೂಲರ್ ಗಾಳಿ ನೇರವಾಗಿ ಆ ಕೈಗೆ ಬಡಿಯದಿರಲಿ, ತಣ್ಣಗಾದರೂ ಬಿಗಿತ ಏರುತ್ತದೆ.

ಸುಳಿವು ಕಂಡ ಕೂಡಲೇ ಹೋಗಿ ತೋರಿಸಿ. ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಿವೆ. ವ್ಯಾಯಾಮ, ಕೈಪಟ್ಟಿ, ಮಾತ್ರೆ, ಒಂದೆರಡು ಸ್ನಾಯು ಮಾತ್ರ ಬಿಗಿದಿದ್ದರೆ ಸುಮಾರು 3 ತಿಂಗಳು ಕೆಲಸ ಮಾಡುವ ಬೊಟಾಕ್ಸ್ ಇಂಜೆಕ್ಷನ್, ಯಾವುದು ಬೇಕು ಅಂತ ಡಾಕ್ಟರೇ ಹೇಳುತ್ತಾರೆ. ಬಿಗಿತ ಸಡಿಲಿಸುವ ಬಾಕ್ಲೋಫೆನ್ ಮಾತ್ರೆ ಬರೆದುಕೊಟ್ಟಿದ್ದರೆ ನೀವಾಗೇ ಏಕ್ದಂ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಗವಿಮಠದ ಜಾತ್ರೆಗೆ ಅಂತ ನಾಲ್ಕು ದಿನ ನೆಂಟರ ಮನೆಗೆ ಹೊರಟರೂ ಬಟ್ಟೆಗಿಂತ ಮೊದಲು ಆ ಮಾತ್ರೆ ಚೀಲಕ್ಕೆ ಹಾಕಿಕೊಳ್ಳಿ.