ಪಂಕ್ಚರ್ ಹಾಕುತ್ತಾ ಕಲಿತ ವ್ಯಾಪಾರ

ಸೈಕಲ್ ರಿಪೇರಿ ಶುರು ಮಾಡಿದಾಗ ನನಗೆ 15 ವರ್ಷ. ಬಿಸಿನೆಸ್ ಅಂತೆಲ್ಲ ಅಂದುಕೊಂಡಿರಲಿಲ್ಲ. ನನ್ನ ಸೈಕಲ್ಲಿಗೆ ನಾನೇ ಪಂಕ್ಚರ್ ಹಾಕಿಕೊಳ್ಳುವುದನ್ನು ನೋಡಿ ಪಕ್ಕದ ಮನೆಯವರು ‘ನಮ್ಮದೂ ಸ್ವಲ್ಪ ನೋಡಪ್ಪ’ ಅಂದರು. ಅಷ್ಟೇ.

ಮೊದಲ ತಿಂಗಳಲ್ಲೇ ಮರ್ಯಾದೆ ಹೋಯಿತು. ಒಬ್ಬರು ಒಂದೇ ಚಕ್ರ ಹಿಡಿದುಕೊಂಡು ಮೂರು ಸಲ ಬಂದರು. ಸೊಲ್ಯೂಷನ್ ಹಚ್ಚಿದ ಕೂಡಲೇ ನಾನು ಪ್ಯಾಚ್ ಒತ್ತಿಬಿಡುತ್ತಿದ್ದೆ. ಅದು ಒಣಗಿ ಹೊಳಪು ಹೋಗುವ ತನಕ ಕಾಯಬೇಕು, ಇಲ್ಲದಿದ್ದರೆ ಅಂಚು ಏಳುತ್ತದೆ. ಸರಿ, ಕಾದು ಹಾಕಿದೆ. ಆದರೂ ಗಾಳಿ ಇಳಿಯಿತು. ಕೊನೆಗೆ ಟೈರಿನ ಒಳಗೆ ಹಳೇ ಬಟ್ಟೆ ಆಡಿಸಿದೆ, ಒಂದು ಕಡೆ ನೂಲು ಸಿಕ್ಕಿಕೊಂಡಿತು. ಉಗುರಿನ ತುದಿಯಷ್ಟೂ ಇಲ್ಲದ ತಂತಿ ಚೂರು! ಟ್ಯೂಬ್ ನೋಡಿದ್ದೆ, ಟೈರ್ ನೋಡಿರಲಿಲ್ಲ. ಅವರ ದುಡ್ಡು ವಾಪಸ್ ಕೊಟ್ಟೆ. ಆಮೇಲೆ ಜಾಸ್ತಿ ಗಿರಾಕಿ ಕಳಿಸಿದ್ದು ಅವರೇ.

ಆರು ತಿಂಗಳಾಯಿತು. ಕೆಲಸಕ್ಕೆ ಬಿಡುವಿಲ್ಲ, ಜೇಬಲ್ಲಿ ಮಾತ್ರ ಏನೂ ಉಳಿಯುತ್ತಿಲ್ಲ. ಅಕ್ಕ ನನ್ನ ನೋಟ್‌ಬುಕ್ ತಿರುವಿ ಹಾಕಿ, ‘ಇದರಲ್ಲಿ ನಿನ್ನ ಕೂಲಿ ಎಲ್ಲೋ?’ ಅಂದಳು. ಬ್ರೇಕ್ ವಯರ್ ಬದಲಿಸಿದರೆ ವಯರಿನ ದುಡ್ಡಷ್ಟೇ ತಗೊಳ್ಳುತ್ತಿದ್ದೆ. ನನ್ನ 40 ನಿಮಿಷ ಪುಕ್ಕಟೆ. ಅವತ್ತಿನಿಂದ ಸಾಮಾನು ಬೇರೆ, ಕೂಲಿ ಬೇರೆ ಬರೆದೆ. ಕೂಲಿ ಹೇಳುವಾಗ ನಾಚಿಕೆಯಾಗುತ್ತಿತ್ತು, ಸುಳ್ಳೇಕೆ. ನಾಲ್ಕೈದು ಜನ ಬರುವುದನ್ನು ಬಿಟ್ಟರು. ಆದರೂ ತಿಂಗಳ ಕೊನೆಗೆ ದುಡ್ಡು ಉಳಿಯಿತು.

ವ್ಯಾಪಾರ ಬೆಳೆದದ್ದು ಒಂದು ಸ್ಕೇಲಿನಿಂದ. ಹೊಸ ಚೈನಿನಲ್ಲಿ 24 ಕೊಂಡಿ ಅಳೆದರೆ ಸರಿಯಾಗಿ 12 ಇಂಚು ಬರುತ್ತದೆ. ಸವೆದಂತೆ ಉದ್ದವಾಗುತ್ತದೆ. ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಬಂತೆಂದರೆ ಬದಲಿಸುವ ಹೊತ್ತು. ಹಾಗೇ ಬಿಟ್ಟರೆ ಅದು ಹಲ್ಲುಚಕ್ರವನ್ನೂ ತಿನ್ನುತ್ತದೆ. ‘ಚೈನ್ ಹೋಗಿದೆ’ ಅಂದರೆ ಹುಡುಗನ ಮಾತು ಯಾರು ನಂಬುತ್ತಾರೆ? ಸ್ಕೇಲ್ ಅವರ ಕೈಗೇ ಕೊಡುತ್ತಿದ್ದೆ. ಅಳತೆ, ತಾರೀಖು ಬರೆದಿಟ್ಟುಕೊಂಡು ಮೂರು ತಿಂಗಳಿಗೆ ಫೋನ್ ಮಾಡುತ್ತಿದ್ದೆ. ಮರೆತೇ ಹೋಗಿದ್ದವರು ಸೈಕಲ್ ತಳ್ಳಿಕೊಂಡು ಬಂದರು.

ವಯಸ್ಸಿನಿಂದ ಬಂದ ತೊಂದರೆ ಒಂದೇ. 18 ತುಂಬದವರ ಸಹಿಗೆ ಬೆಲೆ ಇಲ್ಲ ಅಂತ ಸಾಮಾನಿನ ಅಂಗಡಿಯವರು ಸಾಲ ಕೊಡಲಿಲ್ಲ. ಕೊನೆಗೆ ಆ ಅಂಗಡಿಯಲ್ಲಿ ಅಮ್ಮನ ಹೆಸರಲ್ಲಿ ಖಾತೆ ಮಾಡಿಸಿದೆವು. ಅಲ್ಲಿಯ ತನಕ ಸಾಲ ಸಿಗದ್ದೇ ಒಳ್ಳೇದಾಯಿತು ಅನಿಸುತ್ತೆ. ಇದ್ದ ದುಡ್ಡಿಗೆ ಎಷ್ಟು ಬರುತ್ತೋ ಅಷ್ಟೇ ಟ್ಯೂಬ್ ತಂದೆ.

ಪರೀಕ್ಷೆ ಹತ್ತಿರ ಬಂದಾಗ ಗೆಳೆಯನನ್ನು ಸೇರಿಸಿಕೊಂಡೆ, ಸೈಕಲ್ಲಿಗೆ ಇಷ್ಟು ಅಂತ. ಒಂದು ದಿನ ಅವನು ಬ್ರೇಕ್ ನಟ್ ಬಿಗಿಸೋದು ಮರೆತ. ಪುಣ್ಯಕ್ಕೆ ಗೇಟಿನ ಹತ್ತಿರವೇ ಗೊತ್ತಾಯಿತು. ಅಂದಿನಿಂದ ನಾನೊಂದು ಸುತ್ತು ಹೊಡೆಯದೆ ಯಾವ ಸೈಕಲ್ಲೂ ಹೊರಗೆ ಹೋಗುವುದಿಲ್ಲ.

ಈಗ ಖಾತೆ ನನ್ನ ಹೆಸರಿಗಿದೆ. ಲೆಕ್ಕ ಇವತ್ತಿಗೂ ಅಕ್ಕನದೇ, ಕೂಲಿ ತಗೊಂಡೇ ಬರೆಯುತ್ತಾಳೆ.